ಮೊದಲು ಬೀಳೋದು ಕಲಿಸಿದರು

ಆಖೆನ್, ಜರ್ಮನಿ
ನವೆಂಬರ್ 16

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ಅಪ್ಪಾಜಿಗೂ ಅಜ್ಜನಿಗೂ ತಿಳಿಸು.

ಪುಟ್ಟಿಯನ್ನು ಕರಾಟೆ ಕ್ಲಾಸಿಗೆ ಸೇರಿಸಬೇಕು, ಹೇಗೆ ನೋಡಿ ಆರಿಸೋದು ಅಂತ ಭಾನುವಾರ ಕೇಳಿದೆಯಲ್ಲ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳೋಕೆ ಆಗಲಿಲ್ಲ. ನಾನೇ ಇಲ್ಲಿ ಎರಡು ತಿಂಗಳು ಹುಡುಕಿ ಒಂದು ಕ್ಲಬ್ ಸೇರಿದೆ. ಆರು ತಿಂಗಳಿಂದ ಹೋಗುತ್ತಿದ್ದೇನೆ. ಅದನ್ನೇ ಬರೆಯುತ್ತೇನೆ.

ಯಾಕೆ ಸೇರಿದೆ ಅಂತ ನಿನಗೆ ಹೇಳಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಬಸ್ ಇಳಿದ ಮೇಲೆ ಒಬ್ಬ ಮನೆ ಬಾಗಿಲವರೆಗೂ ಹಿಂದೆಯೇ ಬಂದ. ಏನೂ ಆಗಲಿಲ್ಲ ಅಮ್ಮ, ಗಾಬರಿಯಾಗಬೇಡ. ಆದರೆ ನನ್ನ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಅದು ಬಹಳ ದಿನ ಕಾಡಿತು.

ಮೊದಲು ನೋಡಿದ್ದು ದೊಡ್ಡ ರಸ್ತೆಯ ಒಂದು ಜಾಗ. ಗೋಡೆ ತುಂಬ ಕನ್ನಡಿ. ಅಲ್ಲಿನ ಮಾಸ್ತರು ಒಂದೇ ಏಟಿಗೆ ಚಾಕು ಕಿತ್ತುಕೊಂಡು ತೋರಿಸಿದರು. ಚಾಕು ಹಿಡಿದ ಹುಡುಗ ಮಾತ್ರ ಕೈ ಚಾಚಿ ಸುಮ್ನೆ ನಿಂತಿದ್ದ. ನಿಜವಾದ ಕಳ್ಳ ಹಾಗೆ ನಿಲ್ಲುತ್ತಾನಾ? ಆಮೇಲೆ 24 ತಿಂಗಳ ಕರಾರಿಗೆ ಅವತ್ತೇ ಸಹಿ ಹಾಕು ಅಂದರು. ಎದ್ದು ಬಂದೆ. ಎರಡನೆಯದು ಬಾಕ್ಸಿಂಗ್ ಜಿಮ್. ಒಳ್ಳೆಯವರೇ, ಆದರೆ ನನಗೆ ಬೇಕಾದದ್ದು ಅಲ್ಲಿರಲಿಲ್ಲ.

ಮೂರನೆಯದು ಒಂದು ಶಾಲೆಯ ಆಟದ ಹಾಲ್‌ನಲ್ಲಿ ನಡೆಯುವ ಪುಟ್ಟ ಸಂಘ. ಇಲ್ಲಿ ಊರೂರಿಗೆ ಇಂಥ ಸಂಘಗಳಿವೆ, ಫೆರೈನ್ ಅನ್ನುತ್ತಾರೆ. ಸದಸ್ಯರೇ ಸೇರಿ ನಡೆಸುತ್ತಾರೆ, ಆದ್ದರಿಂದ ಫೀಸು ಕಡಿಮೆ. ನಾನು ತಿಂಗಳಿಗೆ 15 ಯೂರೋ ಕೊಡುತ್ತೇನೆ. ಮೊದಲ ಮೂರು ಕ್ಲಾಸು ಹಣ ತೆಗೆದುಕೊಳ್ಳಲಿಲ್ಲ. ಕಲಿಸೋದು ಜು-ಜುತ್ಸು. ಜೂಡೋ, ಕರಾಟೆ, ಐಕಿಡೋ ಮೂರರಿಂದಲೂ ಉಪಯೋಗಕ್ಕೆ ಬರೋದನ್ನು ಆರಿಸಿ 1969ರಲ್ಲಿ ಜರ್ಮನಿಯಲ್ಲೇ ಕಟ್ಟಿದ ಪದ್ಧತಿ ಇದು. ಪೊಲೀಸರೂ ಕಲಿಯುತ್ತಾರೆ. ನಮ್ಮ ಟ್ರೇನರ್‌ಗೆ ನಿನ್ನಷ್ಟೇ ವಯಸ್ಸು.

ಮೊದಲ ದಿನ ಒಂದು ಗಂಟೆ ಪೂರ್ತಿ ಬೀಳೋದನ್ನೇ ಕಲಿಸಿದರು. ಗದ್ದ ಎದೆಗೆ ಒತ್ತಿಕೊಳ್ಳಬೇಕು, ತಲೆ ನೆಲಕ್ಕೆ ತಾಗಬಾರದು. ಅಂಗೈ ಊರಬಾರದು, ಮಣಿಕಟ್ಟು ಮುರಿಯುತ್ತದೆ. ಇಡೀ ತೋಳಿನಿಂದ ಚಾಪೆಗೆ ಪಟ್ ಅಂತ ಹೊಡೆಯಬೇಕು. ಎರಡನೇ ದಿನ ಕೈ ಬಿಡಿಸಿಕೊಳ್ಳುವ ಪಟ್ಟು. ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆಯಬೇಕು, ಹಿಡಿತ ಸಡಿಲ ಇರೋದು ಅಲ್ಲೇ. ಇಲ್ಲಿ ಜೊತೆಗಾರರು ನಿಜಕ್ಕೂ ಬಿಗಿಯಾಗಿ ಹಿಡಿಯುತ್ತಾರೆ. ಹತ್ತು ಸಲ ಬಿಡಿಸಿಕೊಳ್ಳೋಕೆ ಆಗಲಿಲ್ಲ, ಹನ್ನೊಂದನೇ ಸಲ ಆಯಿತು. ಆದರೆ ನೋವಾಗಿ ನಾನು ಎರಡು ಸಲ ತಟ್ಟಿದರೆ ಅದೇ ಕ್ಷಣ ಬಿಡುತ್ತಾರೆ. ಎಂಥ ಬಲಶಾಲಿಯಾದರೂ ಸರಿ. ಅದನ್ನು ನೋಡಿಯೇ ನಾನು ಸೇರಿದ್ದು ಅಮ್ಮ. ಚಾಕುವಿನ ಬಗ್ಗೆ ಕೇಳಿದಾಗ ಟ್ರೇನರ್, ಬ್ಯಾಗ್ ಕೊಟ್ಟು ಓಡು ಅಂದರು.

ಇನ್ನೊಂದು ವಿಷಯ ಕೇಳು. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ ನೀನು, ನೀವು ಇದೆ. 'ಡೂ' ಅಂದರೆ ನೀನು, 'ಝೀ' ಅಂದರೆ ನೀವು. ಯಾರಾದರೂ ಮೈಮೇಲೆ ಬಂದರೆ 'ಝೀ' ಅಂತಲೇ ಕೂಗಬೇಕು ಅಂತ ಕಲಿಸುತ್ತಾರೆ. "ಬಿಡಿ ನನ್ನನ್ನು!" ಅಂತ. ಅಂಥವನಿಗೆ ಯಾಕೆ ಮರ್ಯಾದೆ ಅಂತ ನನಗೂ ಅನ್ನಿಸಿತು. 'ಬಿಡು' ಅಂದರೆ ಸುತ್ತಲಿನವರು ಗಂಡ ಹೆಂಡತಿ ಜಗಳ ಅಂದುಕೊಂಡು ಹೋಗಿಬಿಡುತ್ತಾರೆ. 'ಬಿಡಿ' ಅಂದರೆ ಇವನು ಗುರುತಿಲ್ಲದವನು ಅಂತ ತಿಳಿಯುತ್ತದೆ. "ಕೆಂಪು ಜಾಕೆಟ್ ಹಾಕಿದವರೇ, ಸಹಾಯ ಮಾಡಿ" ಅಂತ ಒಬ್ಬರನ್ನೇ ಗುರಿ ಮಾಡಿ ಕರೆಯಬೇಕು. ಇದನ್ನು ಹಾಲ್ ತುಂಬ ಕೇಳುವ ಹಾಗೆ ಕೂಗಿಸಿದರು. ಆ ರಾತ್ರಿ ಹೊರಡದ ದನಿ ಆವತ್ತು ಹೊರಟಿತು. ಅತ್ತುಬಿಟ್ಟೆ.

ಪುಟ್ಟಿಯ ವಿಷಯಕ್ಕೆ ಬರುತ್ತೇನೆ. ಕಪ್ಪು ಬೆಲ್ಟು, ಗೋಡೆಯ ಟ್ರೋಫಿಗಳನ್ನು ನೋಡಿ ಸೇರಿಸಬೇಡ. ಅವಳ ಜೊತೆ ಹೋಗಿ ಒಂದು ಕ್ಲಾಸು ಪೂರ್ತಿ ಕೂತು ನೋಡು. ಕೂರಬೇಡಿ ಅಂದರೆ ಅಲ್ಲಿಗೆ ಬೇಡವೇ ಬೇಡ. ಮಕ್ಕಳು ಸಾಕು ಅಂದಾಗ ಜೊತೆಯವರು ನಿಲ್ಲಿಸುತ್ತಾರಾ? ಮಾಸ್ತರು ಮೈ ಮುಟ್ಟಿ ತಿದ್ದುವ ಮುಂಚೆ ಕೇಳುತ್ತಾರಾ? ಹೊಸಬರಿಗೆ ಬೀಳೋದು ಕಲಿಸುತ್ತಾರಾ? ದೊಡ್ಡ ಹುಡುಗಿಯರು ಎಷ್ಟು ಜನ ಉಳಿದುಕೊಂಡಿದ್ದಾರೆ ಅಂತಲೂ ಎಣಿಸು. ವಾಪಸ್ ಬರುವಾಗ ಅವಳ ಮುಖ ಹೇಗಿದೆ ನೋಡು.

ಇಲ್ಲಿ ಚಾಪೆಗೆ ಕಾಲಿಡುವ ಮುಂಚೆ ಎಲ್ಲರೂ ಬಗ್ಗಿ ನಮಸ್ಕರಿಸುತ್ತಾರೆ. ಪ್ರತಿ ಸಲ ಅಜ್ಜನ ನೆನಪು. ದಾವಣಗೆರೆಯ ಗರಡಿಯಲ್ಲಿ ಕೆಂಪು ಮಟ್ಟಿ ಮುಟ್ಟಿ ಹಣೆಗೆ ಹಚ್ಚಿಕೊಂಡು ಇಳಿಯುತ್ತಿದ್ದರಲ್ಲ. ನಾನು ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದೆ. ಹೆಣ್ಣುಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ.

ಅಜ್ಜನಿಗೆ ಈ ಪತ್ರ ಓದಿ ಹೇಳು. ಪುಟ್ಟಿಗೆ ಬೀಳೋದನ್ನು ಅವರೇ ಹೇಳಿಕೊಡಲಿ. ಹಿತ್ತಲಲ್ಲಿ ಹಳೇ ಹಾಸಿಗೆ ಹಾಕಿಕೊಡಿ. ಮಂಡಿ ನೋವಿದೆ, ಅಜ್ಜ ನೆಲಕ್ಕೆ ಇಳಿಯೋದು ಬೇಡ, ಕುರ್ಚಿಯಲ್ಲಿ ಕೂತೇ ಹೇಳಲಿ.

ನಿನ್ನ ಮಗಳು