ಗೆಳೆಯನಿಗೊಂದು ಪತ್ರ: ಉತ್ತು ಸವೆಸಿದ ಕೋಟೆ

ಲೇ ದೋಸ್ತಾ,

ನೀನು ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ ಅಂತ. ಹೆದರಬೇಡ, ಕೊಟ್ಟೂರು ಬಸ್ಸಿನ ವಿಷಯ ಎತ್ತುವುದಿಲ್ಲ.

ಇಂಗ್ಲೆಂಡಿಗೆ ಹೋಗಿ ಏನು ನೋಡಿದೆ ಅಂದೆಯಲ್ಲ, ಒಂದು ಗುಡ್ಡ ನೋಡಿದೆ. ಸೋಮರ್‌ಸೆಟ್ ಕಡೆ ಸೌತ್ ಕ್ಯಾಡ್‌ಬರಿ ಅಂತ ಹಳ್ಳಿ. ಪಕ್ಕದ ಗುಡ್ಡದ ಮೇಲೆ ಕಬ್ಬಿಣ ಯುಗದ ಕೋಟೆ, ಕ್ಯಾಡ್‌ಬರಿ ಕ್ಯಾಸಲ್. ಚಾಕಲೇಟ್ ಸಿಗಲ್ಲ, ಮೊದಲೇ ಹೇಳಿಬಿಡುತ್ತೇನೆ. ಚಿತ್ರದುರ್ಗದ ಲೆಕ್ಕ ಹಿಡಿಯಬೇಡ, ಇಲ್ಲಿ ಬಾಗಿಲಿಲ್ಲ, ಬುರುಜಿಲ್ಲ. ಗುಡ್ಡದ ಸುತ್ತ ನಾಲ್ಕು ಸುತ್ತು ಮಣ್ಣಿನ ಏರಿಗಳು, ನಡುವೆ ಕಂದಕ, ಮೇಲೆ ಹತ್ತಿದರೆ ಸುಮಾರು 18 ಎಕರೆ ಹುಲ್ಲು. ಹಸು ಮೇಯುತ್ತಿದ್ದವು. ಅಷ್ಟೇ.

ಆ ನೆತ್ತಿಯನ್ನು ಎಷ್ಟೋ ತಲೆಮಾರು ಉತ್ತಿದ್ದಾರೆ. 1542ರಲ್ಲಿ ಜಾನ್ ಲೇಲ್ಯಾಂಡ್ ಅನ್ನುವವನು ಇದೇ ಕಥೆಗಳಲ್ಲಿ ಬರುವ ಆರ್ಥರ್ ರಾಜನ ಕೋಟೆ ಕ್ಯಾಮೆಲಾಟ್ ಅಂತ ಬರೆದ, ಉಳುವಾಗ ರೋಮನ್ ನಾಣ್ಯ ಸಿಗುತ್ತವೆ ಅಂತಲೂ ಬರೆದ. ಆಗಲೇ ನೇಗಿಲು ಗುಡ್ಡ ಹತ್ತಿತ್ತು ಅಂತಾಯ್ತು. ಉತ್ತಷ್ಟೂ ಮಣ್ಣು ಇಳಿಜಾರಿಗೆ ಸರಿದು ಏರಿಯ ಒಳಮಗ್ಗುಲಲ್ಲಿ ಬಂದು ಕೂತಿದೆ. ಮೇಲಿದ್ದ ಮನೆಗಳ ನೆಲ ಹೋಗಿಬಿಟ್ಟಿದೆ. 1966ರಿಂದ 1970ರವರೆಗೆ ಲೆಸ್ಲಿ ಆಲ್ಕಾಕ್ ಅನ್ನುವ ಪುರಾತತ್ವಜ್ಞ ಅಗೆಸಿದಾಗ, ಸುಮಾರು 19 ಮೀಟರ್ ಉದ್ದದ ದೊಡ್ಡ ಹಜಾರವೊಂದು ಇತ್ತು ಅನ್ನುವುದಕ್ಕೆ ಉಳಿದಿದ್ದು ಬಂಡೆಯಲ್ಲಿ ಕಂಬ ನೆಟ್ಟ ಗುಳಿಗಳು ಮಾತ್ರ.

ಅಯ್ಯೋ ಪಾಪ ಅಂತ ನಾನೂ ಮುಖ ಸಣ್ಣ ಮಾಡಿಕೊಂಡೆ, ಜೊತೆಗೆ ಬಂದವರು ನೋಡುತ್ತಿದ್ದರಲ್ಲ. ಆದರೆ ಆಲ್ಕಾಕ್ ಅಲ್ಲಿ ಅಗೆಸಿದ್ದೇ ಯಾಕೆ? 1950ರ ದಶಕದಲ್ಲಿ ಉತ್ತಾಗ ಮಡಕೆ ಚೂರು ಮೇಲೆ ಬಂದವು, ಆ ಕಡೆಯ ಹೆಂಗಸೊಬ್ಬರು ಆರಿಸಿ ಇಟ್ಟರು, ನೋಡಿದರೆ ಅದರಲ್ಲಿ 5-6ನೇ ಶತಮಾನದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬಂದ ಪಾತ್ರೆಗಳ ಚೂರೂ ಇದ್ದವು. ಉಳದೇ ಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಆಗ ನಮ್ಮ ಕಡೆಯ ಬೂದಿದಿಬ್ಬ ನೆನಪಾಯಿತು. ಕುಡತಿನಿ ಹತ್ತಿರ ನೋಡಿದ್ದೀವಲ್ಲ, ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟದ್ದು, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ನಿಂಬಾಪುರದ್ದಕ್ಕೆ ವಾಲಿಯ ಚಿತೆ ಅಂತಾರೆ. ವಾಲಿಯ ಭಯವೂ ಇಲ್ಲದೆ ಜನ ಇಂಥ ದಿಬ್ಬಗಳನ್ನು ಗೊಬ್ಬರ ಅಂತ ಬಂಡಿ ತುಂಬಿ ಹೊಲಕ್ಕೆ ಹೊಡೆದಿದ್ದಾರೆ. ನಮ್ಮ ತಾತನೂ ಹೇರಿದವನೇ. ಆ ಹೊಲದ ಜೋಳ ತಿಂದು ಬೆಳೆದೆ, ಆ ಹೊಲದ ಮೇಲೆ ತಂದ ಸಾಲದಲ್ಲೇ ನನ್ನ ಫೀಸು ಕಟ್ಟಿದರು. ತಾತ ತಪ್ಪು ಮಾಡಿದ ಅಂತ ಎಷ್ಟು ಪ್ರಯತ್ನಪಟ್ಟರೂ ಅನಿಸುತ್ತಿಲ್ಲ. ಮತ್ತೆ ಇಲ್ಲಿಯ ರೈತರ ಮೇಲೆ ನನಗ್ಯಾಕೆ ಸಿಟ್ಟು?

ಮುಂದಿನದು ಬರೆಯಬೇಕು ಅಂತಿರಲಿಲ್ಲ. ಅಪ್ಪನಿಗೆ ಈಗ ಕೈಲಾಗುವುದಿಲ್ಲ, ಹೊಲ ಗುತ್ತಿಗೆಗೆ ಕೊಟ್ಟಿದ್ದಾನೆ. ಟ್ರ್ಯಾಕ್ಟರಿಗೆ ಅಡ್ಡ ಅಂತ ನಡುವಿನ ಬದುಗಳನ್ನು ಕಿತ್ತಿದ್ದಾರೆ. ಮೊಬೈಲಿನ ಮ್ಯಾಪಿನಲ್ಲಿ ಹುಡುಕಿದರೆ ನಮ್ಮದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ತಿಳಿಯಲಿಲ್ಲ. ನೀನು ಬರ್ತೀಯಾ, ಇಲ್ಲ ಮಾರಿಬಿಡ್ಲಾ ಅಂತ ಅಪ್ಪ ಕೇಳುತ್ತಾನೆ. ಮೀಟಿಂಗ್ ಇದೆ ಅಂತ ಫೋನ್ ಇಡುತ್ತೇನೆ, ಭಾನುವಾರವೂ. ಬರುವುದಿಲ್ಲ ಅಂತ ನನಗೆ ಗೊತ್ತು ಕಣೋ. ಮಾರು ಅನ್ನೋಕೂ ಬಾಯಿ ಬರುವುದಿಲ್ಲ. ಯಾರೂ ಉಳದೆ, ಯಾರೂ ಮುಟ್ಟದೆ ಅದು ಸುಮ್ನೆ ಬಿದ್ದಿರಲಿ, ನಾನು ಯಾವಾಗಲೋ ಬಂದಾಗ ಒಂದು ಸುತ್ತು ಹಾಕಿ ಫೋಟೋ ತೆಗೆದುಕೊಳ್ಳೋಕೆ ಇರಲಿ ಅನ್ನುವ ಆಸೆ. ಜೀವಮಾನವೆಲ್ಲ ಅದನ್ನು ಉತ್ತವನ ಹತ್ತಿರ ಇದನ್ನು ಹೇಗೆ ಹೇಳೋದು?

ಸಾಕು ಬಿಡು, ಜಾಸ್ತಿ ಆಯ್ತು. ಇದನ್ನು ಓದಿ ಯಾರಾದರೂ ನನ್ನನ್ನು ಮಣ್ಣಿನ ಮಗ ಅಂತ ಹೊಗಳಿದರೆ ನೀನೇ ತಡೆ. ಒಂದೇ ಸಲ ರಂಟೆ ಹಿಡಿದು ಎತ್ತುಗಳನ್ನು ಸೀದಾ ಪಕ್ಕದವರ ಶೇಂಗಾದೊಳಗೆ ನುಗ್ಗಿಸಿದವನು ನಾನು, ಸಾಕ್ಷಿಗೆ ನೀನಿದ್ದೆ, ನಕ್ಕು ನಕ್ಕು ಬಾವಿಕಟ್ಟೆಯಿಂದ ಬಿದ್ದೆ. ಶೇಂಗಾ ಅಂದಾಗ ನೆನಪಾಯ್ತು, ಈ ಕಡೆ ಬರುವವರು ಯಾರಾದರೂ ಇದ್ದರೆ ಚಟ್ನಿಪುಡಿ ಕೊಟ್ಟು ಕಳಿಸು. ಅತ್ತಿಗೆ ಮಾಡಿದ್ದು. ನೀನು ಮಾಡಿದ್ದು ಬೇಡ.