ಬ್ಯಾಟು ಗಾಳಿಗೆ, ಚೆಂಡು ಬೆನ್ನಿಗೆ

2015ರ ಅಕ್ಟೋಬರ್ 14. ನವರಾತ್ರಿ ಆಗ ತಾನೇ ಶುರುವಾಗಿತ್ತು. ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಊರಿಂದ ಬಂದಿದ್ದ ಅಪ್ಪ ನನ್ನ ಜೊತೆ ಟೀವಿ ಮುಂದೆ ಕೂತಿದ್ದರು. ಬೇಸ್‌ಬಾಲ್. ನಮ್ಮ ಟೊರಾಂಟೊದ ಬ್ಲೂ ಜೇಸ್ ಮತ್ತು ಟೆಕ್ಸಸ್ ರೇಂಜರ್ಸ್ ನಡುವಿನ ಸರಣಿಯ ಐದನೇ, ಕೊನೆಯ ಪಂದ್ಯ. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ.

ಒಂಬತ್ತು ಇನಿಂಗ್ಸ್‌ಗಳ ಆ ಆಟದ ಏಳನೇ ಇನಿಂಗ್ಸ್ ಟೊರಾಂಟೊದಲ್ಲಿರುವ ಯಾರಿಗೂ ಮರೆತಿರಲಿಕ್ಕಿಲ್ಲ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ನಮ್ಮ ಕ್ಯಾಚರ್ ರಸೆಲ್ ಮಾರ್ಟಿನ್, ಚೆಂಡು ಎಸೆಯುವ ಪಿಚರ್‌ಗೆ ಸುಮ್ನೆ ವಾಪಸ್ ಎಸೆದ ಚೆಂಡು ಎದುರಾಳಿಯ ಬ್ಯಾಟಿಗೆ ತಗುಲಿ ಉರುಳಿಹೋಯಿತು. ಅಷ್ಟರಲ್ಲಿ ರೇಂಜರ್ಸ್‌ಗೆ ಒಂದು ರನ್. ಜನ ಸಿಟ್ಟಿಗೆದ್ದು ಬಾಟಲಿ, ಕ್ಯಾನು ಎಸೆದರು. ಆಟ ನಿಂತಿತು. ಆಮೇಲೆ ನಮ್ಮ ಸರದಿ ಬಂದಾಗ ಟೆಕ್ಸಸ್‌ನವರ ಕೈಯಿಂದ ಸುಲಭದ ಚೆಂಡುಗಳು ಜಾರಿದವು. 3-3 ಆಯಿತು. ರನ್ನಿಗಾಗಿ ಸುತ್ತಿ ಬರಬೇಕಾದ ಬೇಸ್‌ಗಳಲ್ಲಿ ನಮ್ಮ ಇಬ್ಬರಿದ್ದಾಗ, ಟೆಕ್ಸಸ್‌ನ ಪಿಚರ್ ಸ್ಯಾಮ್ ಡೈಸನ್ ಎಸೆದ ಚೆಂಡನ್ನು ನಮ್ಮ ಹೊಸೆ ಬಟಿಸ್ಟಾ ಎಡಗಡೆಯ ಸ್ಟ್ಯಾಂಡಿಗೆ ಹೊಡೆದರು. ಒಂದು ಕ್ಷಣ ನಿಂತು ನೋಡಿದರು. ಆಮೇಲೆ ಬ್ಯಾಟನ್ನು ಬೀಸಿ ಎಸೆದರು.

ನಾನು ಸೋಫಾದಿಂದ ಎದ್ದು ಕೂಗುತ್ತಿದ್ದೆ. ಅಪ್ಪ ಮಾತ್ರ ಬೇಸರದಿಂದ ಕೇಳಿದರು: “ಬ್ಯಾಟ್ ಯಾಕಪ್ಪಾ ಹಂಗೆ ಬಿಸಾಕ್ತಾನೆ? ಅನ್ನ ಕೊಡೋ ವಸ್ತು ಅಲ್ವಾ ಅದು?”

ಅವರ ಮಾತು ನನಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಆಯುಧಪೂಜೆಗೆ ಸೈಕಲ್ ಜೊತೆ ನನ್ನ ಕ್ರಿಕೆಟ್ ಬ್ಯಾಟಿಗೂ ಅರಿಸಿನ ಕುಂಕುಮ ಬೀಳುತ್ತಿತ್ತು. ಬ್ಯಾಟಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಇದೂ ಎಲ್ಲೂ ಬರೆದಿಡದ ನಿಯಮವೇ.

ಬೇಸ್‌ಬಾಲಿನವರಿಗೆ ಬ್ಯಾಟಿನ ಚಿಂತೆ ಇಲ್ಲ. ಅವರ ಲೆಕ್ಕದಲ್ಲಿ ಅವಮಾನವಾಗಿದ್ದು ಪಿಚರ್‌ಗೆ. ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರದ್ದು, ಹೊಡೆದರೆ ನಿಂತು ನೋಡಬೇಡ, ತಲೆ ತಗ್ಗಿಸಿ ಬೇಸ್ ಸುತ್ತು, ಬ್ಯಾಟ್ ಮೆತ್ತಗೆ ಕೆಳಗಿಡು. ತುಂಬಾ ಮುಂದಿದ್ದರೆ ಬೇಸ್ ಕದಿಯಬೇಡ, ಅಂದರೆ ಪಿಚರ್ ಎಸೆಯುವಾಗ ಮುಂದಿನ ಬೇಸಿಗೆ ಓಡಬೇಡ. ನಿಯಮದ ಪುಸ್ತಕದಲ್ಲಿ ಇವು ಯಾವುವೂ ಇಲ್ಲ. ಮೀರಿದರೆ ಶಿಕ್ಷೆ ಮಾತ್ರ ಇದೆ. ಮುಂದಿನ ಸಲ ಬ್ಯಾಟ್ ಹಿಡಿದಾಗ ನಿನ್ನ ಮೈಮೇಲೆ ಚೆಂಡು ಬರುತ್ತದೆ.

ಬಟಿಸ್ಟಾಗೆ ಅದು ಏಳು ತಿಂಗಳ ನಂತರ ಬಂತು. 2016ರ ಮೇ 15, ಟೆಕ್ಸಸ್‌ನ ಆರ್ಲಿಂಗ್ಟನ್. ರೇಂಜರ್ಸ್ ಪಿಚರ್‌ನ ಚೆಂಡು ಅವರ ಮೈಗೆ ಬಡಿಯಿತು. ಅವರೂ ಸಿಟ್ಟಿನಲ್ಲಿ ಎರಡನೇ ಬೇಸಿಗೆ ಜೋರಾಗಿ ಜಾರಿ ನುಗ್ಗಿದರು. ಅಲ್ಲಿದ್ದ ರೇಂಜರ್ಸ್‌ನ ರೂಗ್ನೆಡ್ ಓಡೋರ್, ಬಟಿಸ್ಟಾ ದವಡೆಗೆ ಗುದ್ದಿದರು. ಎರಡೂ ತಂಡ ಮೈದಾನಕ್ಕೆ ನುಗ್ಗಿತು. ಓಡೋರ್‌ಗೆ ಎಂಟು ಪಂದ್ಯ ನಿಷೇಧ ವಿಧಿಸಿ, ಮೇಲ್ಮನವಿಯ ನಂತರ ಏಳಕ್ಕೆ ಇಳಿಸಿದರು.

ಬ್ಯಾಟು ಯಾರಿಗೂ ತಾಗಿರಲಿಲ್ಲ. ನೆಲದ ಮೇಲೆ ಬಿತ್ತು, ಅಷ್ಟೇ. ಅದಕ್ಕೆ ಉತ್ತರವಾಗಿ ಬಂದಿದ್ದು ಗಟ್ಟಿ ಚೆಂಡು. ಈ ಅಳತೆ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಇನ್ನೊಂದು ಘಟನೆ ನನ್ನನ್ನು ಜಾಸ್ತಿ ಕಾಡುತ್ತದೆ. 2020ರ ಆಗಸ್ಟ್ 17. ಸ್ಯಾನ್ ಡಿಯೇಗೊ ಪಾಡ್ರೆಸ್ 10-3ರಿಂದ ಮುಂದಿತ್ತು. ಎಂಟನೇ ಇನಿಂಗ್ಸ್, ಮೂರೂ ಬೇಸ್ ಭರ್ತಿ. ಪಿಚರ್ ಸತತ ಮೂರು ಚೆಂಡು ಹೊರಗೆ ಎಸೆದಿದ್ದ. ನಾಲ್ಕನೆಯದೂ ಹೊರಗೆ ಹೋದರೆ ಬ್ಯಾಟರ್‌ಗೆ ಬೇಸ್ ಪುಕ್ಕಟೆ. ಹಾಗಾಗಿ ಅದು ನಡುವೆ ನೇರವಾಗಿ ಬರುತ್ತದೆ. ಇಷ್ಟು ಮುಂದಿರುವಾಗ ಅಂಥ ಚೆಂಡನ್ನು ಹೊಡೆಯಬಾರದು ಅನ್ನುವುದು ಹಿರಿಯರ ಕಟ್ಟಳೆ. 21 ವರ್ಷದ ಫರ್ನಾಂಡೊ ಟಾಟಿಸ್ ಜೂನಿಯರ್ ಹೊಡೆದರು. ಗ್ರ್ಯಾಂಡ್ ಸ್ಲ್ಯಾಮ್! ಒಂದೇ ಹೊಡೆತಕ್ಕೆ ನಾಲ್ಕು ರನ್. ಎದುರು ತಂಡ ಮತ್ತೆ ರೇಂಜರ್ಸ್. ಹೊಸದಾಗಿ ಬಂದ ಪಿಚರ್‌ನ ಮೊದಲ ಚೆಂಡು ಮುಂದಿನ ಬ್ಯಾಟರ್ ಮ್ಯಾನಿ ಮಚಾಡೊ ಬೆನ್ನ ಹಿಂದಿನಿಂದ ಹೋಯಿತು. ಹೊಡೆದವರು ಒಬ್ಬರು, ಚೆಂಡು ಇನ್ನೊಬ್ಬರ ಕಡೆಗೆ. ಟಾಟಿಸ್‌ನ ಸ್ವಂತ ಮ್ಯಾನೇಜರ್ ಕೂಡ, ಬಿಟ್ಟುಬಿಡು ಅಂತ ಕೊಟ್ಟ ಸನ್ನೆಯನ್ನು ಹುಡುಗ ಗಮನಿಸಲಿಲ್ಲ ಅಂದರು. ಚೆನ್ನಾಗಿ ಆಡಿದ್ದಕ್ಕೆ ಹುಡುಗ ಸಮಜಾಯಿಷಿ ಕೊಡಬೇಕಾಯಿತು.

ಆ ದಿನಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1920ರ ಆಗಸ್ಟ್ 17ರಂದು, ಕ್ಲೀವ್‌ಲ್ಯಾಂಡ್‌ನ ರೇ ಚಾಪ್ಮನ್ ತೀರಿಕೊಂಡಿದ್ದರು. ಹಿಂದಿನ ದಿನ ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಅವರ ತಲೆಗೆ ಬಡಿದಿತ್ತು. ಆಗ ಹೆಲ್ಮೆಟ್ ಇರಲಿಲ್ಲ. ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಪಿಚರ್ ಎಸೆದ ಚೆಂಡಿನ ಏಟಿಗೆ ಸತ್ತ ಒಬ್ಬನೇ ಆಟಗಾರ ಅವರು. ಅದೇ ತಾರೀಖಿನಲ್ಲಿ ಒಬ್ಬ ಮನುಷ್ಯನ ಬೆನ್ನ ಹಿಂದೆ ಚೆಂಡು ಎಸೆದು ‘ಆಟಕ್ಕೆ ಮರ್ಯಾದೆ ಕೊಡಿ’ ಅನ್ನುವುದನ್ನು ಹೇಗೆ ಒಪ್ಪಲಿ?

ಬಟಿಸ್ಟಾ ಡೊಮಿನಿಕನ್ ರಿಪಬ್ಲಿಕ್‌ನವರು. ಟಾಟಿಸ್ ಕೂಡ. ಅಲ್ಲಿ ಬೇಸ್‌ಬಾಲ್ ಅಂದರೆ ಡೋಲು, ಹಾಡು, ಕುಣಿತ. ನಮ್ಮೂರ ಜಾತ್ರೆಯ ಹಾಗೆ. ಪಿಚರ್ ಮೇಲಿನ ತಿರಸ್ಕಾರದಿಂದ ಎಸೆದದ್ದಲ್ಲ, ಆ ಕ್ಷಣದ ಆವೇಶ ಅಂತ ಬಟಿಸ್ಟಾ ಆಮೇಲೆ ಬರೆದರು. ಕೊರಿಯಾದ ಲೀಗ್‌ನಲ್ಲಂತೂ ಬ್ಯಾಟ್ ಎಸೆಯುವುದು ದಿನನಿತ್ಯದ ಮಾತು, ಪಿಚರ್‌ಗಳು ಸಾಮಾನ್ಯವಾಗಿ ಮುನಿಸಿಕೊಳ್ಳುವುದಿಲ್ಲ. ಪರದೇಶಕ್ಕೆ ಬಂದು ಜೋರಾಗಿ ನಗಲೂ ಒಂದು ಸಲ ಆಚೀಚೆ ನೋಡುವ ನಮಗೆ ಇದು ಬೇಗ ಅರ್ಥವಾಗಬೇಕು. ಮನೆ ನಡೆಸುವವರು ತಮ್ಮ ಅಭ್ಯಾಸವನ್ನೇ ಧರ್ಮ ಅಂದುಕೊಂಡಿರುತ್ತಾರೆ. ಹೊಸಬನ ಸಂತೋಷ ಅವರಿಗೆ ಸೊಕ್ಕಿನಂತೆ ಕಾಣುತ್ತದೆ.

ಹಾಗಂತ ಬರೆಯದ ನಿಯಮವೆಲ್ಲ ಕೆಟ್ಟದ್ದಲ್ಲ. ಒಬ್ಬ ಪಿಚರ್ ಎದುರಾಳಿಗೆ ಒಂದೂ ಹಿಟ್ ಕೊಡದೆ ಎಂಟನೇ ಇನಿಂಗ್ಸ್ ತನಕ ಬಂದರೆ, ಆಟಗಾರರು ಕೂರುವ ಡಗೌಟ್‌ನಲ್ಲಿ ಅವನ ಪಕ್ಕ ಯಾರೂ ಕೂರುವುದಿಲ್ಲ. ಮಾತಾಡುವುದೂ ಇಲ್ಲ. ದೃಷ್ಟಿ ತಾಗೀತು ಅನ್ನುವ ಭಯ! ನನಗೆ ಇದು ತುಂಬಾ ಇಷ್ಟ. ಇದನ್ನು ನೋಡಿದಾಗೆಲ್ಲ 1999ರ ಫೆಬ್ರವರಿ 7ರ ದೆಹಲಿ ನೆನಪಾಗುತ್ತದೆ. ಪಾಕಿಸ್ತಾನದ ಒಂಬತ್ತೂ ವಿಕೆಟ್ ಅನಿಲ್ ಕುಂಬ್ಳೆಗೆ ಬಿದ್ದಿದ್ದವು. ಇನ್ನೊಂದು ತುದಿಯಿಂದ ನಮ್ಮ ಜಾವಗಲ್ ಶ್ರೀನಾಥ್ ಆಫ್ ಸ್ಟಂಪಿನಿಂದ ದೂರ ದೂರ ಎಸೆದರು, ಹತ್ತನೆಯದು ತನಗೆ ಬೀಳದಿರಲಿ ಅಂತ. ಅದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ.

ನನ್ನ ಮಗಳು ಈಗ ಸಾಫ್ಟ್‌ಬಾಲ್ ಆಡುತ್ತಾಳೆ. ಯಾವುದೋ ವಿಡಿಯೊ ನೋಡಿ ಹಿತ್ತಲಲ್ಲಿ ಬ್ಯಾಟ್ ಎಸೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಎರಡು ಸಲ ಬೇಲಿಗೆ ಬಡಿಯಿತು. ಪುಟ್ಟ ತಮ್ಮ ಅಲ್ಲೇ ಆಡುತ್ತಿದ್ದ. ನಾನು ಏನಾದರೂ ಹೇಳುವ ಮೊದಲೇ, ಈ ಬೇಸಿಗೆಗೂ ಬಂದಿರುವ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

“ಪುಟ್ಟಿ, ಬ್ಯಾಟ್ ಮೆಲ್ಲಗೆ ಇಟ್ಟು ಓಡು. ಸುತ್ತಿ ಬಂದ ಮೇಲೆ ಎಷ್ಟು ಬೇಕಾದ್ರೂ ಕುಣಿ. ನಾನೂ ಬರ್ತೀನಿ.”