ತಪ್ಪಾಯಿತು ಅಂತ ಹೇಳುವ ಧೈರ್ಯ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕುಗ್ಗಿತ್ತು. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ, ಆಗಲೇ "ನಾನು ಇದಕ್ಕೆ ಲಾಯಕ್ಕಿಲ್ಲ ದೊಡ್ಡಮ್ಮ" ಅಂದುಬಿಟ್ಟೆ. ಕಳಿಸಿದ ವರದಿಯಲ್ಲಿ ಲೆಕ್ಕ ತಪ್ಪಾಗಿದೆ, ಯಾರಿಗೂ ಹೇಳಿಲ್ಲ ಅಂದೆ. ರಾತ್ರಿಯೆಲ್ಲ ನನಗೆ ಅದೇ ಯೋಚನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಬಳದ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಗೊತ್ತಾಗಿದ್ದು ಅದೇ ದಿನ. ಹೇಳಿದರೆ ಎಲ್ಲರೆದುರು ಬೈತಾರೆ ಅಂತ ಸುಮ್ಮನಿದ್ದೆ. ಒಬ್ಬರಿಗೆ ಆ ತಿಂಗಳು ಸಂಬಳವೇ ಬರಲಿಲ್ಲ. ಅವರು ನನ್ನ ಮೇಜಿನ ಮುಂದೆ ಬಂದು ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ. ಆ ಕಚೇರಿಯಲ್ಲಿ ತಪ್ಪು ಮಾಡೋದಕ್ಕಿಂತ ತಪ್ಪು ಹೇಳೋದೇ ಅಪಾಯ ಅನ್ನಿಸುವಂಥ ವಾತಾವರಣ ಇತ್ತು. ಅದು ನನ್ನೊಬ್ಬಳ ಹೇಡಿತನ ಅಲ್ಲ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ, ಕೆಲಸದ ಜಾಗದ ಮನಶ್ಶಾಸ್ತ್ರ ಓದಲು ಶುರು ಮಾಡಿದಾಗ.

ಎಮಿ ಎಡ್ಮಂಡ್‌ಸನ್ ಅನ್ನುವ ಅಮೆರಿಕದ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಗಮನಿಸಿದರು. ಒಗ್ಗಟ್ಟಿರುವ ತಂಡಗಳಲ್ಲಿ ಔಷಧ ಕೊಡುವಾಗ ತಪ್ಪು ಕಡಿಮೆ ಇರುತ್ತೆ ಅಂತ ಅವರ ಅಂದಾಜು. ಲೆಕ್ಕ ನೋಡಿದರೆ ಉಲ್ಟಾ! ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. ಆಮೇಲೆ ಹೊಳೆಯಿತು: ಆ ತಂಡದವರು ತಪ್ಪನ್ನು ಹೆಚ್ಚು ಮಾಡುತ್ತಿರಲಿಲ್ಲ, ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಹೋಗುತ್ತಿತ್ತು. 1999ರಲ್ಲಿ ಅವರು ಇದರ ಬಗ್ಗೆ ಇನ್ನಷ್ಟು ಬರೆದರು. ಪ್ರಶ್ನೆ ಕೇಳಿದರೆ, ತಪ್ಪು ಒಪ್ಪಿದರೆ ಇಲ್ಲಿ ಅವಮಾನ ಆಗೋದಿಲ್ಲ ಅನ್ನುವ ನಂಬಿಕೆಗೆ 'ಮಾನಸಿಕ ಸುರಕ್ಷತೆ' ಅಂತಾರೆ. ಇದನ್ನು ಓದಿದ ದಿನ ನಾನು ನಿಜಕ್ಕೂ ಅತ್ತಿದ್ದೆ.

ನಿನ್ನ ತಂಡದಲ್ಲಿ ಆ ನಂಬಿಕೆ ಇದೆಯೋ ಇಲ್ಲವೋ ನಿನಗೆ ಇನ್ನೂ ಗೊತ್ತಿಲ್ಲ, ಅಲ್ವಾ? ಹಿರಿಯರೊಬ್ಬರು ಮುಖ ಕೊಟ್ಟು ಮಾತಾಡಲ್ಲ, ಅವರಿಗೆ ಸೊಕ್ಕು ಅಂದೆ. ಇರಬಹುದು. ಆದರೆ ಬೇರೆಯವರು ಸಿಡುಕಿದರೆ ಅದು ಅವರ ಸ್ವಭಾವ ಅಂತೀವಿ, ನಾವು ಸಿಡುಕಿದರೆ ಕೆಲಸದ ಒತ್ತಡ ಅಂತೀವಿ. ಎದುರಿನವರ ಪರಿಸ್ಥಿತಿ ಮರೆತು ಗುಣಕ್ಕೇ ದೋಷ ಹೊರಿಸುವ ಈ ಚಾಳಿಗೆ ಲೀ ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು. ಆ ಹಿರಿಯರ ಮೇಜಿನ ಮೇಲೆ ಎಷ್ಟು ಕೆಲಸ ಬಿದ್ದಿದೆ ಅಂತ ಒಮ್ಮೆ ನೋಡು.

ನಿನ್ನ ದಣಿವಿನ ಮಾತೂ ಹಾಗೇ. ಕೆಲಸ ಹೆಚ್ಚಾದರೆ ಮಾತ್ರ ಮನಸ್ಸು ಸೋಲುತ್ತೆ ಅಂದುಕೊಂಡಿದ್ದೀಯ. ರಾಬರ್ಟ್ ಕರಾಸೆಕ್ ಅನ್ನುವ ಸಂಶೋಧಕರು 1979ರಲ್ಲಿ ತೋರಿಸಿದ್ದು ಬೇರೆ: ಕೆಲಸದ ಹೊರೆ ಜಾಸ್ತಿ, ಅದನ್ನು ಹೇಗೆ ಮಾಡಬೇಕು ಅಂತ ತೀರ್ಮಾನಿಸುವ ಅಧಿಕಾರ ಕಡಿಮೆ, ಇವೆರಡೂ ಒಟ್ಟಿಗೆ ಬಂದಾಗ ಜನ ಹೆಚ್ಚು ಬಳಲುತ್ತಾರೆ. ಹಾಗಾಗಿ ಕೆಲಸ ಕಡಿಮೆ ಮಾಡಿ ಅಂತ ಕೇಳೋ ಮೊದಲು, ಯಾವುದನ್ನು ಮೊದಲು ಮುಗಿಸಬೇಕು ಅನ್ನೋದನ್ನಾದರೂ ನನಗೆ ಬಿಡಿ ಅಂತ ಕೇಳಿನೋಡು. ಹೊಸಬಳಾದರೂ ಕೇಳಬಹುದು.

ಈಗ ಆ ವರದಿ. ಸೋಮವಾರ ಬೆಳಿಗ್ಗೆ ಮೊದಲು ಅದನ್ನೇ ಮಾಡು. ಮೇಲಿನವರ ಹತ್ತಿರ ಒಬ್ಬಳೇ ಹೋಗು. ತಪ್ಪು ಎಲ್ಲಿದೆ, ಯಾವುದರ ಮೇಲೆ ಪರಿಣಾಮ ಆಗಿದೆ, ನೀನು ಹೇಗೆ ಸರಿಮಾಡುತ್ತೀಯ, ಇಷ್ಟು ಹೇಳು. ಸಬೂಬು ಬೇಡ, ಹತ್ತು ಸಲ ಕ್ಷಮೆ ಕೇಳೋದೂ ಬೇಡ. ಅವರು ಬೈದರೆ ಬೈಯಲಿ. ಅವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದರಿಂದ ಆ ಜಾಗ ಎಂಥದ್ದು ಅಂತ ನಿನಗೂ ತಿಳಿಯುತ್ತೆ.

ಹೊರಗೆ ಬಂದ ತಕ್ಷಣ ನನಗೆ ಫೋನ್ ಮಾಡು. ನಾನು ಕಾಯ್ತಾ ಇರ್ತೀನಿ.

ನಿನ್ನ
ದೊಡ್ಡಮ್ಮ